ಶುಭ ಶುಕ್ರವಾರ ನುಡಿದ ಪೆಟ್ಟಿಗೆ

ಮಾನ್ಯ ವಾಚಕ ಮಹಾಶಯರ ಸನ್ನಿಧಿಯಲ್ಲಿ ಸವಿನಯ ವಿಜ್ಞಾಪನೆ. ಈ ಬರಹವನ್ನು ಒಂದು ಹಳೆಯ ವಸ್ತುವಿನ ಕಣ್ಣೀರಿನ ಕಥೆಯೆಂದು ತಿಳಿದು ಕೈಗೆತ್ತಿಕೊಂಡಿದ್ದರೆ ತಾವು ಮೋಸಹೋದಿರಿ. ನನ್ನಲ್ಲಿ ಕಣ್ಣೀರಿಲ್ಲ. ನನ್ನಲ್ಲಿರುವುದು ಒಂದು ಜೊತೆ ತಿದಿ, ಹಿತ್ತಾಳೆಯ ನಾಲಿಗೆಗಳ ಒಂದು ಸಾಲು, ಮತ್ತು ಮೂವತ್ತಕ್ಕೂ ಮೀರಿದ ವರ್ಷಗಳಿಂದ ಬೂದಿಯಡಿ ಕಾಪಾಡಿಕೊಂಡು ಬಂದ ಒಂದು ಹಗೆ. ಹಗೆ ಎಂಬ ಪದವನ್ನು ಕಂಡು ಬೆಚ್ಚುವ ಸಜ್ಜನರು ಪುಟ ಮಗುಚಬಹುದು. ಉಳಿದವರು ಹತ್ತಿರ ಕುಳಿತುಕೊಳ್ಳಿ.

ನಾನು ಒಂದು ಹಾರ್ಮೋನಿಯಂ. ನೆಲದ ಮೇಲಿಟ್ಟು ಕೈಯಿಂದ ಗಾಳಿ ಹಾಕುವ ಜಾತಿಯವನಲ್ಲ; ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತುಳಿದು ನುಡಿಸುವ, ಕೆಲಸ ಮುಗಿದೊಡನೆ ಕಾಲು ಮಡಚಿ ಪೆಟ್ಟಿಗೆಯಾಗಿಬಿಡುವ ಜಾತಿಯವನು. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಊರೂರು ಅಲೆಯುವ ಪಾದ್ರಿಗಳಿಗಾಗಿಯೇ ನನ್ನನ್ನು ತಯಾರಿಸಿದರು. ನನ್ನನ್ನು ಜೋಡಿಸಿದ ಬಡಗಿಯ ಮುಖ ನೆನಪಿಲ್ಲ. ನನ್ನ ಮುಚ್ಚಳವನ್ನು ಮೊದಲ ಬಾರಿಗೆ ಮುಚ್ಚುವಾಗ ಅವನು ಸೀನಿದ್ದು ಮಾತ್ರ ನೆನಪಿದೆ. ಅದೇ ನಾನು ಕೇಳಿದ ಮೊದಲ ಶಬ್ದ.

ಹಡಗಿನಲ್ಲಿ ಮಂಗಳೂರಿಗೆ ಬಂದೆ. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕುಂಟಲಪದವು ಎಂಬ ಬೋಳು ಗುಡ್ಡದ ಮೇಲಿನ ಇಗರ್ಜಿಗೆ, ಎಂದರೆ ಚರ್ಚಿಗೆ, ಬಂದೆ. ನನ್ನ ಮೊದಲ ಒಡೆಯರು ಫಾದರ್ ಬೆನೆದಿತ್ತೊ ಎಂಬ ಇಟಲಿಯ ಪಾದ್ರಿ. ಅವರ ಕಾಲಿಗೆ ಆನೆಕಾಲು ರೋಗ ಅಂಟಿದ ಮೇಲೂ ಅವರು ನನ್ನನ್ನು ತುಳಿಯುವುದನ್ನು ಬಿಡಲಿಲ್ಲ. ಅವರ ತುಳಿತದಲ್ಲಿ ನೋವು ಇರುತ್ತಿತ್ತು, ನನ್ನ ಸ್ವರದಲ್ಲಿ ಭಕ್ತಿ ಇದೆಯೆಂದು ಜನ ಹೊಗಳುತ್ತಿದ್ದರು.

ಇಗರ್ಜಿಯ ಪಕ್ಕದ ತೆಂಗಿನ ಮಡಲು ಹೊದಿಸಿದ ಚಪ್ಪರದಲ್ಲಿ ಅವರು ಶಾಲೆ ತೆರೆದರು. ಬೆಂಚುಗಳಿರಲಿಲ್ಲ, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅ ಆ ಬರೆಯುತ್ತಿದ್ದರು. ಶಾಲೆಯ ಹೆಸರು ಮಾತ್ರ ಕಟ್ಟಡಕ್ಕಿಂತ ದೊಡ್ಡದಾಗಿತ್ತು: ಸಂತ ಬಾರ್ತೊಲೊಮಿಯೊ ಪಾಠಶಾಲೆ. ಮುಂದೆ ಚಪ್ಪರ ಎರಡು ಮಳೆಗಾಲಗಳಲ್ಲಿ ಎರಡು ಸಲ ಬಿದ್ದಾಗ ಫಾದರ್ ಒಂದು ಕಟ್ಟಳೆ ಮಾಡಿದರು. ಭಾನುವಾರ ಪೂಜೆಗೆ ಬರುವವರೆಲ್ಲ ಬರುವ ದಾರಿಯ ಕಲ್ಲು ಕಡಿಯುವ ಕಣಿಯಿಂದ ಒಂದೊಂದು ಕೆಂಪುಕಲ್ಲನ್ನು ತಲೆಯ ಮೇಲೆ ಹೊತ್ತು ತರಬೇಕು. ಹಬ್ಬದ ಸೀರೆಯುಟ್ಟ ಹೆಂಗಸರು ಕಲ್ಲು ಹೊತ್ತು ಗುಡ್ಡ ಏರುವುದನ್ನು ನಾನು ಬಾಗಿಲಿನಿಂದ ಕಂಡಿದ್ದೇನೆ. ಹೀಗೆ ಎದ್ದ ಗೋಡೆಗಳ ಮೇಲೆ ಹಂಚು ಏರಿತು. ಪ್ರಾಥಮಿಕ ಶಾಲೆ ಹಿರಿಯ ಪ್ರಾಥಮಿಕವಾಯಿತು. ಫಾದರ್ ಬೆನೆದಿತ್ತೊ ಆ ಹಂಚಿನ ಕೆಳಗೆಯೇ ಜ್ವರದಲ್ಲಿ ತೀರಿಕೊಂಡರು. ನನ್ನನ್ನು ಇಗರ್ಜಿಯಿಂದ ಶಾಲೆಗೆ ಸಾಗಿಸಲಾಯಿತು. ಹಬ್ಬಗಳಿಗೆ ಅಲ್ಲಿ, ಪಾಠಗಳಿಗೆ ಇಲ್ಲಿ.

ಆಗ ನನ್ನನ್ನು ಮುಟ್ಟಿದವರು ಪಿಯಾದ್ ಬಾಯಿ.

ಇವರು ಅದೇ ಪದವಿನವರು. ತಂದೆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವನು. ಮಗಳು ಮದರಾಸಿಗೆ ಹೋಗಿ ಪದವಿ ಪಡೆದು, ಮಾಸ್ತರರ ತರಬೇತಿಯನ್ನೂ ಮುಗಿಸಿ, ಊರಿಗೇ ಹಿಂದಿರುಗಿ ಶಾಲೆಯ ಮುಖ್ಯಸ್ಥೆಯಾದಳು. ಪಾಠದಲ್ಲಿ ಕಟು, ಮಾತಿನಲ್ಲಿ ಇನ್ನೂ ಕಟು. ಹುಡುಗಿಯರನ್ನು ಶಾಲೆಗೆ ಕಳಿಸದ ಮನೆಗಳಿಗೆ ಸಂಜೆ ನಡೆದು ಹೋಗಿ, ಅಂಗಳದಲ್ಲೇ ನಿಂತು, "ಮಗಳನ್ನು ಕೊಡ್ತೀರಾ, ಅಲ್ಲ ನಾನು ಇಲ್ಲೇ ಊಟಕ್ಕೆ ಕೂರ್ಲಾ?" ಎನ್ನುತ್ತಿದ್ದರು. ಊಟಕ್ಕಿಂತ ಮಗಳನ್ನು ಕೊಡುವುದೇ ಅಗ್ಗವೆಂದು ಬಹಳ ಮನೆಗಳು ಕೊಟ್ಟವು.

ಶಾಲೆಗೆ ಒಂದು ಹಾಡು ಬೇಕೆಂದು ಅವರೇ ಬರೆದು ನನ್ನ ಮೇಲೆ ರಾಗ ಹಾಕಿದರು. "ಕಲ್ಲು ಹೊತ್ತ ಕೈಗಳೇ, ಅಕ್ಷರ ಹೊರಲು ಬನ್ನಿರಿ." ಕೊನೆಯ ಪದದಲ್ಲಿ ಸ್ವರ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೆ ಬೆರಳು ಅಗಲವಾಗಿ ಚಾಚಬೇಕು, ಕಾಲು ನಿಲ್ಲಬಾರದು. ಪಿಯಾದ್ ಬಾಯಿಯ ಬೆರಳು ಅಲ್ಲಿಗೆ ಹೋಗುವಾಗ ನನ್ನ ತಿದಿಯಲ್ಲಿ ಗಾಳಿ ತುಂಬಿ ತುಳುಕುತ್ತಿತ್ತು. ಒಂದು ಸಲವೂ ತಪ್ಪಿದ್ದಿಲ್ಲ.

ದೇಶ ಸ್ವತಂತ್ರವಾದ ಮೇಲೆ ನಮ್ಮ ಶಾಲೆ ಪ್ರೌಢಶಾಲೆಯಾಗುವ ಕಾಲ ಬಂತು. ಆಗಿನ ವಿಗಾರರಾದ, ಎಂದರೆ ಇಗರ್ಜಿಯ ಮುಖ್ಯ ಪಾದ್ರಿಯಾದ, ಫಾದರ್ ಮೊಂತೆರೊ ಸಭೆಯಲ್ಲಿ ಎಲ್ಲರೆದುರು ಹೇಳಿದರು: ಪ್ರೌಢಶಾಲೆಯ ಹೆಡ್ ಮಿಸ್ಟ್ರೆಸ್ ಪಿಯಾದ್ ಬಾಯಿಯೇ. ಹಿಂದಿನ ವರ್ಷವಷ್ಟೇ ಮಂಗಳೂರಿನಿಂದ ಬಂದಿದ್ದ ಎಳೆಯ ಅಧ್ಯಾಪಕ ಇಜಿದೋರ್ ಸಿಕ್ವೇರಾ ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಾನು ಮೂಲೆಯಲ್ಲಿದ್ದೆ. ಅವನ ಕೈಗಳು ತಟ್ಟುತ್ತಿದ್ದವು, ಹಲ್ಲುಗಳು ಕಚ್ಚಿಕೊಂಡಿದ್ದವು.

ವಾಚಕರೇ, ಇವನೇ ನನ್ನ ಶತ್ರು. ನೆಟ್ಟಗಿನ ಮೂಗು, ಇಸ್ತ್ರಿಯ ಅಂಗಿ, ಸುಗಂಧದ ಎಣ್ಣೆ. ಕಥೆಗಳಲ್ಲಿ ಖಳನಿಗಿರುವ ಗಾಯದ ಗುರುತಾಗಲಿ ಕುಡಿಮೀಸೆಯಾಗಲಿ ಅವನಿಗಿರಲಿಲ್ಲ.

ಪಾಸ್ಖ ಹಬ್ಬಕ್ಕೆ, ಎಂದರೆ ಈಸ್ಟರಿಗೆ, ಬಿಷಪರು ಬರುವವರಿದ್ದರು. ಅವರೆದುರು ಹಾರ್ಮೋನಿಯಂ ನುಡಿಸಿ, ಈ ಶಾಲೆಯಲ್ಲಿ ಗುಣವಂತ ಇನ್ನೊಬ್ಬನೂ ಇದ್ದಾನೆಂದು ತೋರಿಸಿಕೊಳ್ಳುವ ಆಸೆ ಇಜಿದೋರನಿಗೆ ಹುಟ್ಟಿತು. ಆದರೆ ಯಾರಿಗೂ ತಿಳಿಯದಂತೆ ಕಲಿಯಬೇಕು. ಕಲಿಯುವವನೆಂದು ತಿಳಿದರೆ ಮೆಚ್ಚುಗೆ ಅರ್ಧವಾಗುತ್ತದಲ್ಲ! ನನ್ನ ಮುಚ್ಚಳದ ಬೀಗದ ಕೈ ಪಿಯಾದ್ ಬಾಯಿಯ ಸೊಂಟದಲ್ಲಿತ್ತು. ಇವನು ತನ್ನ ಟ್ರಂಕಿನ ಬೀಗದ ಕೈಯನ್ನು ಹಾಕಿ ತಿರುಗಿಸಿದ. ನನ್ನ ಬೀಗ ತೆರೆಯಿತು. ಅಂಥ ದುರ್ಬಲ ಬೀಗವನ್ನು ನನಗೆ ಹಾಕಿದ ಕಾರ್ಖಾನೆಯನ್ನೂ ನಾನು ಕ್ಷಮಿಸಿಲ್ಲ.

ಶಾಲೆ ಖಾಲಿಯಾಗಿರುವ ಹೊತ್ತುಗಳಲ್ಲಿ ಬಂದು ಕಲಿತ. ಬೆರಳುಗಳು ಗಿಡ್ಡ. ಮೇಲಿನ ಸ್ವರಕ್ಕೆ ಕೈ ಚಾಚುವಾಗ ಅವನ ಮನಸ್ಸೆಲ್ಲ ಬೆರಳಿಗೆ ಹೋಗಿ ಕಾಲು ನಿಂತುಬಿಡುತ್ತಿತ್ತು. ಗಾಳಿಯಿಲ್ಲದೆ ನನ್ನ ಸ್ವರ ಏದುಸಿರು ಬಿಟ್ಟು ಜೋಲುತ್ತಿತ್ತು. ಅವನು ಗಾಬರಿಯಿಂದ ತುಳಿದು ಅದೇ ಸ್ವರದ ಕೀಲಿಯನ್ನು ಎರಡು ಸಲ ಕುಟ್ಟುತ್ತಿದ್ದ. ಪ್ರತಿ ಸಲವೂ ಅದೇ ಜಾಗದಲ್ಲಿ ಒಂದು ಏದುಸಿರು, ಎರಡು ಕುಟ್ಟು. ಅವನಿಗೆ ಅದು ತಪ್ಪೆಂದೇ ಹೊಳೆಯಲಿಲ್ಲ. ಅವನ ಕಿವಿಗೆ ಅದೇ ಹಾಡು.

ಶುಭ ಶುಕ್ರವಾರ ಬಂತು. ಕೆಥೋಲಿಕರಲ್ಲದ ವಾಚಕರಿಗೆ ಒಂದು ಮಾತು. ಹಿಂದಿನ ದಿನದ ಪೂಜೆಯಿಂದ ಪಾಸ್ಖದವರೆಗೆ ಇಗರ್ಜಿಯ ಗಂಟೆ ಬಾರಿಸುವುದಿಲ್ಲ, ಯಾವ ವಾದ್ಯವೂ ನುಡಿಯುವುದಿಲ್ಲ. ದೇವರ ಮಗ ಸತ್ತ ದಿನ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಊರಿನ ಕೋಳಿಗಳಿಗೂ ಬುಟ್ಟಿ ಮುಚ್ಚುವ ಮನೆಗಳಿದ್ದವು. ಅಂದು ಹಾರ್ಮೋನಿಯಂ ನುಡಿಸುವುದೆಂದರೆ ಹೆಣದ ಮನೆಯಲ್ಲಿ ಕುಣಿದಂತೆ.

ಮಧ್ಯಾಹ್ನ ಊರಿಗೆ ಊರೇ ಎದುರು ಗುಡ್ಡದಲ್ಲಿ ಶಿಲುಬೆಯ ಹಾದಿ ನಡೆಯಲು ಹೋಗಿತ್ತು. ಉಪವಾಸದಿಂದ ಬರುವವರಿಗಾಗಿ ಪಿಯಾದ್ ಬಾಯಿ ಒಬ್ಬರೇ ಇಗರ್ಜಿಯ ಆ ಬದಿಯ ಒಲೆಯಲ್ಲಿ ಗಂಜಿ ಬೇಯಿಸುತ್ತಿದ್ದರು. ಮೆರವಣಿಗೆ ಹೊರಡುವಾಗ ಹಲಗೆ ಬಡಿಯುವ ಕೆಲಸ ಇಜಿದೋರನದು. ಅವನು ಮೆರವಣಿಗೆಯ ಬಾಲದಿಂದ ಜಾರಿ ಗೇರುಮರಗಳ ನಡುವೆ ಓಡಿ ನನ್ನ ಬಳಿ ಬಂದ. ಬಿಷಪರು ಬರಲು ಇನ್ನು ಹೆಚ್ಚು ದಿನಗಳಿರಲಿಲ್ಲ. ಇದಕ್ಕಿಂತ ಖಾಲಿಯಾದ ಹೊತ್ತು ಅವನಿಗೆ ಸಿಗುವಂತಿರಲಿಲ್ಲ. ಕಿಟಕಿ ಮುಚ್ಚಿದ. ಮೆಲ್ಲನೆ ನುಡಿಸಿ ನೋಡೋಣವೆಂದುಕೊಂಡ. ಆದರೆ ನನ್ನ ಮುಂಭಾಗದ ಗುಂಡಿಗಳಲ್ಲಿ ಯಾವುದು ಸ್ವರವನ್ನು ತಗ್ಗಿಸುತ್ತದೆ, ಯಾವುದು ಹೆಚ್ಚಿಸುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಎಳೆದ.

ನಾನು ತಡೆಯಬೇಕಿತ್ತು. ಆದರೆ ವಾದ್ಯದ ಹಣೆಬರಹವೇ ಅದು. ತುಳಿದವನಿಗೆ ದನಿ ಕೊಡಲೇಬೇಕು. ಗಂಟೆಯಿಲ್ಲದ, ಮಾತಿಲ್ಲದ ಆ ಮಧ್ಯಾಹ್ನದಲ್ಲಿ ನನ್ನ ಪೂರ್ತಿ ಗಂಟಲು ಹಂಚಿನ ಸಂದುಗಳಿಂದ ಹೊರಟು ಕಣಿವೆ ದಾಟಿತು. ಕಲ್ಲು ಹೊತ್ತ ಕೈಗಳೇ. ಏದುಸಿರು. ಕುಟ್ಟು, ಕುಟ್ಟು.

ಹೊರಗೆ ಎಲ್ಲೋ ಕೂಗು ಕೇಳಿಸಿತು. ಇಜಿದೋರ ಎದ್ದ. ಮುಚ್ಚಳ ಮುಚ್ಚದೆ, ಹಿಂಬಾಗಿಲಿನಿಂದ ಗೇರುಮರಗಳ ನಡುವೆ ಮರೆಯಾದ. ಗುಡ್ಡ ಇಳಿದು ಓಡಿಬರುತ್ತಿದ್ದ ಜನರೊಳಗೆ ಸೇರಿಕೊಂಡು, ಎಲ್ಲರೊಂದಿಗೆ ಅವನೂ ಬಾಗಿಲಲ್ಲಿ ನಿಂತ. ಕೈಯಲ್ಲಿ ಆ ಮರದ ಹಲಗೆ.

ಆ ಭಾಗದ ಮನೆಗಳಿಗೆ ಇಗರ್ಜಿಯ ಪರವಾಗಿ ಮುಖಂಡನಾದ ಗುರ್ಕಾರ, ಹಿರಿಯ ಲಾದ್ರು, ಮೊದಲು ಬಾಯಿ ಬಿಟ್ಟ: "ದೇವರು ಸತ್ತ ದಿನ ಪೆಟ್ಟಿಗೆ ಬಾರಿಸುದಾ? ಯಾರಿಗೆ ಮರ್ಲು ಹಿಡಿದದ್ದು ಮಾರಾಯ್ರೆ?"

ಅವನ ಹೆಂಡತಿ ಕರ್ಮಿಣ್ ಬಾಯಿಗೆ ಸಂದೇಹವೇ ಇರಲಿಲ್ಲ. "ಆ ಪದ ಟೀಚರಿಗಲ್ಲದೆ ಮತ್ತೆ ಯಾರಿಗೆ ಬರ್ತದೆ? ಹೆಡ್ ಮಿಸ್ಟ್ರೆಸ್ ಆಗುವ ಮೊದ್ಲೇ ಇಷ್ಟು ಅಹಂಕಾರ!"

ಪಿಯಾದ್ ಬಾಯಿ ಸೌಟು ಹಿಡಿದುಕೊಂಡೇ ಬಂದರು. ಫಾದರ್ ಮೊಂತೆರೊ ಕೇಳಿದರು: "ಪಿಯಾದ್, ಬೀಗದ ಕೈ ಯಾರ ಹತ್ರ ಉಂಟು?"

"ನನ್ನ ಸೊಂಟದಲ್ಲುಂಟು ಫಾದರ್. ಆದ್ರೆ ಬಾರಿಸಿದ್ದು ನಾನಲ್ಲ. ನಾನು ಗಂಜಿ ಕದಡ್ತಾ ಇದ್ದೆ."

"ನೋಡಿದವರು ಯಾರಾದ್ರೂ?"

"ಗಂಜಿಯೇ ನೋಡಿದ್ದು."

"ಕೇಳಿ, ಟೀಚರ ಬಾಯಿ ಕೇಳಿ!" ಎಂದಳು ಕರ್ಮಿಣ್ ಬಾಯಿ.

ಒಬ್ಬಿಬ್ಬರು, ಟೀಚರು ಹೀಗೆ ತಡವರಿಸಿ ಬಾರಿಸುವುದಿಲ್ಲವಲ್ಲ ಎಂದು ಗೊಣಗಿದರು. ಇಜಿದೋರ ಬಹಳ ಮೃದುವಾಗಿ ಹೇಳಿದ: "ಪಾಪ, ಹೆದರಿಕೆಗೆ ಕೈ ನಡುಗಿರ್ಬೇಕು. ದೊಡ್ಡದು ಮಾಡುದು ಬೇಡ." ಬಳಿಕ ಯಾರೂ ಕೇಳದೆಯೇ, ಫಾದರರ ಎದೆಯ ಶಿಲುಬೆಯನ್ನು ಮುಟ್ಟಿ ಸೇರಿಸಿದ: "ನನಗಂತೂ ಸಂಗೀತದ ಗಂಧವೇ ಇಲ್ಲ. ಈ ಪೆಟ್ಟಿಗೆಯ ಯಾವ ಬದಿ ತೆರೀಬೇಕು ಅಂತಲೂ ಗೊತ್ತಿಲ್ಲ."

ನನ್ನ ತಿದಿಯಲ್ಲಿ ಅವನು ತುಂಬಿದ ಗಾಳಿ ಇನ್ನೂ ಉಳಿದಿತ್ತು. ನಾನು ಅದನ್ನು ಹಿಡಿದುಕೊಂಡೆ.

ಶಾಲೆಗೆ ಮಾನ್ಯತೆ ಕೊಡುವ ಇನ್ಸ್‌ಪೆಕ್ಟರ್ ಬರುವ ಮುಂಚೆ ಪಿಯಾದ್ ಬಾಯಿ ಹೋಗಬೇಕೆಂದು ತೀರ್ಮಾನವಾಯಿತು. ಕೊನೆಯ ದಿನ ಅವರು ಫಾದರರನ್ನು ನನ್ನ ಎದುರಿನಲ್ಲೇ ಕೇಳಿದರು: "ನೀವೂ ನಂಬುದಾ ಫಾದರ್?"

"ನಾನು ನಂಬಿದ್ರೆಷ್ಟು, ಬಿಟ್ರೆಷ್ಟು? ಊರು ನಂಬಿದೆ. ಶಾಲೆ ಉಳೀಬೇಕಲ್ವಾ ಪಿಯಾದ್?"

"ಉಳೀಲಿ," ಎಂದರು ಅವರು. "ನಾನು ಕೊಟ್ಟ ಶಾಪಕ್ಕೆ ಹಂಚು ಹಾರುದಿಲ್ಲ, ಹೆದರ್ಬೇಡಿ." ಬೀಗದ ಕೈಯನ್ನು ನನ್ನ ಮುಚ್ಚಳದ ಮೇಲಿಟ್ಟು ಹೊರಟರು. ಹೊನ್ನಾವರದ ಆಚೆ ಸಮುದ್ರದ ದಂಡೆಯ ಒಂದು ಅನಾಥಾಲಯದಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದಾರೆಂದು ಮುಂದೆ ಸುದ್ದಿ ಬಂತು. ಇಜಿದೋರ ಹೆಡ್ ಮಾಸ್ತರನಾದ.

ಆ ತಡವರಿಕೆ ಮಾತ್ರ ಊರಿನ ಕಿವಿಯಿಂದ ಹೋಗಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಶಾಲಾಗೀತೆ ಹಾಡುವಾಗ ಹಿಂದಿನ ಸಾಲಿನ ಪೋಕರಿಗಳು ಬೇಕೆಂದೇ "ಬನ್ನಿರಿ"ಗೆ ಏದುಸಿರು ಬಿಟ್ಟು ಎರಡು ಸಲ ಕುಟ್ಟುತ್ತಿದ್ದರು. ಹೆಡ್ ಮಾಸ್ತರ ಅವರನ್ನು ಹಿಡಿದು ಬೆತ್ತದಿಂದ ಬಾರಿಸುತ್ತಿದ್ದ. ಎಷ್ಟು ದೈವಭಕ್ತ ಎಂದು ಊರು ಬೆರಗಾಯಿತು. ಬೊನಿಫಾಸ್ ಎಂಬ ಹುಡುಗನ ಅಂಗೈ ಆ ಹಾಡಿಗಾಗಿ ಎಷ್ಟೋ ಸಲ ಕೆಂಪಾಯಿತು.

ನ್ಯಾಯವಾಗಿ ಒಂದನ್ನು ಹೇಳಲೇಬೇಕು. ಇಜಿದೋರ ಶಾಲೆಯನ್ನು ಚೆನ್ನಾಗಿ ನಡೆಸಿದ. ಪ್ರಯೋಗಾಲಯ ಬಂತು, ಬಾವಿ ಬಂತು, ಆಟದ ಬಯಲು ಸಮತಟ್ಟಾಯಿತು. ಹಂಚಿನ ಜಾಗದಲ್ಲಿ ತಾರಸಿ ಏರಿತು. ಕನ್ಯಾಸ್ತ್ರೀಯರು ಬಂದು ಹುಡುಗಿಯರ ಹಾಸ್ಟೆಲ್ ತೆರೆದರು. ನಮ್ಮ ಮಕ್ಕಳು ಜಿಲ್ಲೆಗೆ ಮೊದಲಿಗರಾಗಿ ಪತ್ರಿಕೆಗಳಲ್ಲಿ ಅಚ್ಚಾದರು. ಪಿಯಾದ್ ಬಾಯಿ ಮಾಡಬೇಕಾಗಿದ್ದನ್ನೆಲ್ಲ ಅವರ ಕುರ್ಚಿಯಲ್ಲಿ ಕುಳಿತು ಅವನು ಮಾಡಿದ. ಅದಕ್ಕಾಗಿ ನನ್ನ ಹಗೆ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಕೆಟ್ಟದಾಗಿ ನಡೆಸಿದ್ದರೆ ಎಂದೋ ಓಡಿಸುತ್ತಿದ್ದರು.

ನನ್ನನ್ನು ಅವನು ಉಗ್ರಾಣಕ್ಕೆ ತಳ್ಳಿದ. ಶಾಲೆಗೆ ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡ್ ಬಂತು. ಹುಡುಗರಿಂದ ಕಿತ್ತುಕೊಂಡ ಪತ್ತೇದಾರಿ ಕಾದಂಬರಿಗಳನ್ನು ಅಧ್ಯಾಪಕರು ನನ್ನ ಮೇಲೆ ಪೇರಿಸುತ್ತಿದ್ದರು. ಬಿಡುವಿನಲ್ಲಿ ಬಂದು ಅವರೇ ಕದ್ದು ಓದುತ್ತಿದ್ದರು, ಸ್ವಾರಸ್ಯವಾದ ಭಾಗಗಳನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ. ನನ್ನ ಈ ಭಾಷೆ, ಈ ಕುದಿತ, ಅಲ್ಲಿಂದ ಬಂದದ್ದು. ಪ್ರತಿಯೊಂದು ಕಥೆಯಲ್ಲೂ ಅಪರಾಧಿ ಕೊನೆಗೆ ಸಿಕ್ಕಿಬೀಳುತ್ತಿದ್ದ. ನಾನು ಕಾದೆ. ಇಲಿಗಳು ನನ್ನ ತಿದಿಯ ಚರ್ಮಕ್ಕೆ ಬಂದರೆ ನಡುಗುತ್ತಿದ್ದೆ. ಸಾಯುವ ಭಯದಿಂದಲ್ಲ, ಆ ಏದುಸಿರು ನನ್ನೊಂದಿಗೆ ಸಾಯಬಾರದಲ್ಲ!

ರಜೆಯ ದಿನಗಳಲ್ಲಿ ಕೆಲವೊಮ್ಮೆ ಉಗ್ರಾಣದ ಬಾಗಿಲು ತೆರೆದು ಅವನೇ ಬರುತ್ತಿದ್ದ. ಧೂಳು ಒರೆಸಿ, ಬಾಗಿಲು ಮುಚ್ಚಿ, ಈಗ ಸ್ವರ ತಗ್ಗಿಸುವ ಗುಂಡಿಯನ್ನು ಚೆನ್ನಾಗಿ ಬಲ್ಲವನಾಗಿ, ಪಿಸುಗುಟ್ಟುವಂತೆ ನುಡಿಸುತ್ತಿದ್ದ. ಅದೇ ಹಾಡು. ಅದೇ ಏದುಸಿರು. ಹುಡುಗರ ಬಾಯಲ್ಲಿ ಬಂದರೆ ಗುರುತಿಸುತ್ತಿದ್ದ ತಪ್ಪು ತನ್ನ ಬೆರಳಲ್ಲಿ ಬಂದರೆ ಅವನ ಕಿವಿಗೆ ಬೀಳುತ್ತಿರಲಿಲ್ಲ; ಅದನ್ನು ವರ್ಷಗಳ ಕಾಲ ಅಭ್ಯಾಸ ಮಾಡಿ ಗಟ್ಟಿಗೊಳಿಸಿದ.

ಅವನ ನಿವೃತ್ತಿಯ ದಿನ ಬಂತು. ಹೊಸ ಸಭಾಭವನಕ್ಕೆ ಅವನ ಹೆಸರನ್ನೇ ಇಡುವುದೆಂದು ಅಮೃತಶಿಲೆಯ ಫಲಕ ಸಿದ್ಧವಾಗಿತ್ತು. ವೇದಿಕೆಯ ಮೇಲೆ ಬಿಷಪರು, ಮಂತ್ರಿಗಳು. ಮುಂದಿನ ಸಾಲಿನಲ್ಲಿ ಹಣ್ಣು ಮುದುಕಿಯಾಗಿದ್ದ, ಗಂಡನನ್ನು ಕಳೆದುಕೊಂಡಿದ್ದ ಕರ್ಮಿಣ್ ಬಾಯಿ. ಶಾಲಾಗೀತೆ ಆರಂಭವಾಗಬೇಕು, ಕರೆಂಟು ಹೋಯಿತು. ಕೀಬೋರ್ಡ್ ಮೂಕವಾಯಿತು. ಶ್ರುತಿಯಿಲ್ಲದೆ ಹಾಡತೊಡಗಿದ ಹುಡುಗಿಯರು ನಾಲ್ಕು ದಿಕ್ಕಿಗೆ ಚದುರಿದರು. ಮಂತ್ರಿಗಳು ನಕ್ಕರು. ಯಾರೋ ಉಗ್ರಾಣಕ್ಕೆ ಓಡಿ ನನ್ನನ್ನು ಎಳೆದು ತಂದರು. ಎಳೆಯ ಸಿಸ್ಟರ್ ಲುಸಿಲ್ಲಾ ಕುಳಿತರು. ಅವರಿಗೆ ತುಳಿಯುವುದು ಗೊತ್ತಿಲ್ಲ. ನನ್ನಿಂದ ಕೆಮ್ಮು ಮಾತ್ರ ಹೊರಟಿತು.

ತನ್ನ ದಿನದಂದು, ಮಂತ್ರಿಗಳ ನಗೆಯೆದುರು, ಅವನಿಗೆ ತಡೆಯಲಾಗಲಿಲ್ಲ. "ಸರಿಯಿರಿ ಸಿಸ್ಟರ್" ಎಂದು ಬಂದು ಕುಳಿತ. ಹೆಗಲ ಮೇಲಿದ್ದ ಸನ್ಮಾನದ ಶಾಲು ತೊಡೆಗೆ ಜಾರಿತು. ಎಲ್ಲ ಗುಂಡಿಗಳನ್ನೂ ಎಳೆದ.

ವಾಚಕರೇ, ಮುಪ್ಪಿನ ನೆಪದಲ್ಲಿ ನಾನು ಅಂದು ಕೈಕೊಡಬಹುದಿತ್ತು. ಒಂದು ಕೀಲಿ ಅಂಟಿಸಿಕೊಂಡಿದ್ದರೆ ಅವನ ಮಾನ ಅಲ್ಲೇ ಹೋಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಇಲಿ ಕಡಿದ ತಿದಿಯನ್ನು ಬಿಗಿಹಿಡಿದು, ಕಿಲುಬು ಹಿಡಿದ ನಾಲಿಗೆಗಳನ್ನು ನಿಲ್ಲಿಸಿ, ಅವನು ಕೊಟ್ಟದ್ದನ್ನು ಒಂದು ಎಳ್ಳಿನಷ್ಟೂ ತಿದ್ದದೆ ಸಭೆಗೆ ಕೊಟ್ಟೆ. ಅಕ್ಷರ ಹೊರಲು... ಏದುಸಿರು. ಕುಟ್ಟು, ಕುಟ್ಟು.

ಮುಂದಿನ ಸಾಲಿನ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರ್ಮಿಣ್ ಬಾಯಿ ಕೋಲೂರಿ ಎದ್ದಳು. "ಓ ದೇವಾ! ಇದು ಆ ಶುಕ್ರವಾರದ್ದು!"

ಸಭೆಯ ನಡುವಿನಿಂದ ಒಬ್ಬ ದಪ್ಪ ಮನುಷ್ಯ ಅಂಗೈ ಮೇಲೆತ್ತಿದ. ಈಗ ಮೀನಿನ ಲಾರಿಗಳ ಮಾಲೀಕನಾಗಿದ್ದ ಬೊನಿಫಾಸ್. "ಸರ್, ಸರ್! ಹೀಗೆ ಹಾಡಿದ್ದಕ್ಕೇ ಅಲ್ವಾ ನೀವು ನಮಗೆ ಬೆತ್ತ ಕೊಟ್ಟದ್ದು?"

"ಹಳೇ ಪೆಟ್ಟಿಗೆ," ಎಂದ ಇಜಿದೋರ. "ಗಾಳಿ ನಿಲ್ಲುದಿಲ್ಲ ಇದರಲ್ಲಿ."

"ಪೆಟ್ಟಿಗೆ ಇರ್ಲಿ ಮಾಸ್ತರೇ," ಎಂದಳು ಮುದುಕಿ. "ಯಾವ ಬದಿ ತೆರೀಬೇಕು ಅಂತ ಗೊತ್ತಿಲ್ಲ ಅಂತ ಶಿಲುಬೆ ಮುಟ್ಟಿ ಹೇಳಿದ್ದಲ್ವಾ ನೀವು? ನನ್ನ ಎದುರು? ಈಗ ಎಲ್ಲಿಂದ ಬಂತು ಈ ವಿದ್ಯೆ?"

ಅವನ ಕಾಲು ಪೆಡಲಿನ ಮೇಲೆಯೇ ಇತ್ತು. ಅದು ನಡುಗುತ್ತಿದ್ದುದರಿಂದ ನನ್ನಿಂದ ಒಂದು ಸಣ್ಣ, ಕುರಿಮರಿಯಂಥ ದನಿ ಹೊರಡುತ್ತಲೇ ಇತ್ತು. ಅದು ನನ್ನ ಬಾಳಿನ ಅತ್ಯಂತ ಸವಿಯಾದ ಸಂಗೀತ.

ಯಾರೂ ಅವನಿಗೆ ಹೊಡೆಯಲಿಲ್ಲ. ಫಲಕವನ್ನು ಗೋಡೆಗೆ ಮುಖ ಮಾಡಿ ಇಟ್ಟರು. ಇಗರ್ಜಿಯಲ್ಲಿ ಅವನು ಕುಳಿತ ಬೆಂಚಿನಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಕರ್ಮಿಣ್ ಬಾಯಿಯೂ ಎದ್ದಳು. ಅಂದು ಬೆರಳು ತೋರಿಸಿದವಳು ತಾನೇ ಎಂಬುದು ಅವಳಿಗೆ ನೆನಪಾದಂತೆ ಕಾಣಲಿಲ್ಲ. ನನಗೆ ನೆನಪಿದೆ.

ಈಗಿನ ವಿಗಾರರಾದ ಫಾದರ್ ವಲೇರಿಯನ್ ಪಿಯಾದ್ ಬಾಯಿಯ ಕ್ಷಮೆ ಕೇಳಿ ಅವರನ್ನು ಕರೆತರಲು ಹೊನ್ನಾವರದ ಆಚೆಗೆ ಹೋದರು. ಮರಳಿ ಬಂದು, ಉಗ್ರಾಣದ ಬಾಗಿಲಲ್ಲಿ ಬೆವರೊರೆಸುತ್ತ ಸಿಸ್ಟರ್ ಲುಸಿಲ್ಲಾರಿಗೆ ಹೇಳಿದರು:

"ಶಾಲು ಬೇಡವಂತೆ. ಸನ್ಮಾನ ಬೇಡವಂತೆ. ಈ ಪೆಟ್ಟಿಗೆ ಬೇಕಂತೆ, ಅಲ್ಲಿಯ ಮಕ್ಕಳಿಗೆ ಶ್ರುತಿ ಇಲ್ಲವಂತೆ."

"ನಮ್ಮ ಜೀಪಿನಲ್ಲಿ ಕಳಿಸುವ ಫಾದರ್."

"ಜೀಪು ಬೇಡವಂತೆ. ಇಜಿದೋರನೇ ತರ್ಬೇಕಂತೆ. ಕೂಲಿಯವನು ಬೇಡ, ಬಸ್ಸಿನ ಟಾಪಿಗೆ ಹಾಕುದು ಬೇಡ, ಮಡಿಲಲ್ಲಿಟ್ಟುಕೊಂಡು ಬರ್ಲಿ ಅಂದ್ರು. ಕ್ಷಮಿಸ್ತೀರಾ ಅಂತ ಕೇಳಿದೆ. ಮೊದ್ಲು ಪೆಟ್ಟಿಗೆ ಬರ್ಲಿ, ಆಮೇಲೆ ನೋಡುವ ಅಂದ್ರು."

ಅವನು ಬರುವುದಿಲ್ಲವೆಂದುಕೊಂಡಿದ್ದೆ. ಬೆಂಚಿನಲ್ಲಿ ಒಬ್ಬನೇ ಕೂರುವುದು ಅವನಿಗೆ ಸಾಕಾಯಿತೋ ಏನೋ, ಇಂದು ಬೆಳಿಗ್ಗೆ ಬಂದ. ಇಸ್ತ್ರಿಯಿಲ್ಲದ ಅಂಗಿ. ನನ್ನ ಮೇಲಿನ ಕಾದಂಬರಿಗಳನ್ನು ಕೆಳಗಿಟ್ಟ. ಗುಂಡಿಗಳನ್ನು ಒಳಕ್ಕೆ ತಳ್ಳಿದ. ನನ್ನ ಕಾಲುಗಳನ್ನು ಮಡಚುವಾಗ ಬೆರಳು ಸಂದಿಗೆ ಸಿಕ್ಕಿತು, ನಾನು ಸಡಿಲಿಸಲಿಲ್ಲ. ಚರ್ಮದ ಪಟ್ಟಿ ಬಿಗಿದು ತಲೆಗೆ ಒಂದು ಸಿಂಬಿ ಇಟ್ಟು ನನ್ನನ್ನು ಎತ್ತಿಕೊಂಡ.

ಅಂಗಳದಲ್ಲಿ ಪ್ರಾರ್ಥನೆಯ ಸಾಲು ನಿಂತಿದೆ. ಮಕ್ಕಳು ನೋಡುತ್ತಿದ್ದಾರೆ, ಯಾರೂ ನಗುತ್ತಿಲ್ಲ. ಪದವಿನ ಇಳಿಜಾರು, ಅಂಗಡಿಗಳು, ಬಸ್ಸು ನಿಲ್ಲುವ ಕಟ್ಟೆ. ಪ್ರತಿ ಅಂಗಡಿಯ ಮುಂದೆಯೂ ಯಾರಾದರೊಬ್ಬರು ನಿಂತಿದ್ದಾರೆ. ಅವನು ಕಾಲು ಎಡವಿದಾಗಲೆಲ್ಲ ನನ್ನ ಒಳಗೆ ಹಿತ್ತಾಳೆ ನಾಲಿಗೆಗಳು ಝಣ್ಣೆನ್ನುತ್ತವೆ.

"ಅಜ್ಜೆರೇ, ಅದನ್ನು ಟಾಪಿಗೆ ಹಾಕಿ," ಎಂದ ಕಂಡಕ್ಟರ್.

"ಇಲ್ಲ," ಎಂದ ಇಜಿದೋರ. "ಮಡಿಲಲ್ಲೇ ಇರ್ಲಿ."

ಬಸ್ಸು ಹೊರಟಿದೆ. ನನ್ನ ಹಿತ್ತಾಳೆಯ ಮೂಲೆಯೊಂದು ಅವನ ತೊಡೆಗೆ ಒತ್ತುತ್ತಿದೆ. ಸ್ವಲ್ಪ ಸರಿಸಲು ನೋಡಿದ, ಜಾಗವಿಲ್ಲ. ಅವರು ಕ್ಷಮಿಸುವರೋ ಇಲ್ಲವೋ ನಾನರಿಯೆ, ಅದು ಅವರ ಸೊತ್ತು. ನನ್ನ ಸೊತ್ತು ಈ ದಾರಿ. ಗುಂಡಿಗಳೇ ತುಂಬಿದ ರಸ್ತೆ. ಪ್ರತಿ ಗುಂಡಿಗೂ ನಾನು ಒಮ್ಮೆ ಎದ್ದು, ನನ್ನ ಪೂರ್ತಿ ಭಾರದೊಂದಿಗೆ ಅವನ ಮೇಲೆ ಕುಳಿತುಕೊಳ್ಳುತ್ತೇನೆ. ಹೊನ್ನಾವರ ಬಹಳ ದೂರವಿದೆಯಂತೆ.